ಮೂಡಗಾಳಿಗೆ ಎದುರಾಗಿ

ಎದುರುಗಾಳಿಯ ಮೇಲೆ ಸಿಟ್ಟುಗೊಳ್ಳದ ಸೈಕಲ್ ಸವಾರನನ್ನು ನಾನು ಈವರೆಗೆ ಕಂಡವನಲ್ಲ. ಏರುದಾರಿಯ ಶ್ರಮವನ್ನು ಎಲ್ಲರೂ ಸಹಿಸುತ್ತಾರೆ; ಏರು ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ನೆತ್ತಿಯಿರುತ್ತದೆ, ನೆತ್ತಿಯನ್ನು ಮುಟ್ಟಿದ ಮೇಲೆ ಇಳಿಜಾರು ಇದ್ದೇ ಇರುತ್ತದೆಂಬ ಭರವಸೆಯಿಂದ ಮನಸ್ಸು ಕಾಲಿಗೆ ಧೈರ್ಯ ಹೇಳುತ್ತಿರುತ್ತದೆ. ಗಾಳಿಗಾದರೋ ನೆತ್ತಿಯೆಂಬುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ, ಕಣ್ಣಿಗೆ ಯಾವ ಕಾರಣವೂ ಬೀಳದೆ, ತುಳಿಯುವ ಕಾಲಿನ ಬಲ ಅಷ್ಟೇ ಇದ್ದರೂ ವೇಗವು ಮಾತ್ರ ಕುಗ್ಗುತ್ತ ಕುಗ್ಗುತ್ತ ಹೋಗಿ, ಕಿವಿಯ ಬಳಿ ಒಂದೇ ಸಮನೆ ಭೋರ್ಗರೆತವಾಗುತ್ತಿರುವಾಗ, ಎಂತಹ ಸಮಾಧಾನಿಯ ಬಾಯಲ್ಲಿಯೂ ಒಂದು ಬಿರುನುಡಿ ಬಂದೇ ಬರುತ್ತದೆ.

ನಾನಿರುವ ವೈಟ್‌ಫೀಲ್ಡಿನಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಹಗಲೆಲ್ಲ ತೆರೆಯಲಾಗದ ಗಾಜಿನ ಗೋಡೆಗಳ ಹಿಂದೆ ಯಂತ್ರವು ತಂಪುಮಾಡಿದ ಗಾಳಿಯಲ್ಲಿ ಕುಳಿತು ದುಡಿಯುವ ನಮಗೆ ದಿಕ್ಕಿನ ಅಗತ್ಯವಾದರೂ ಏನು? ಸೈಕಲ್ಲು ಹತ್ತಿದ ಮೇಲೆಯೇ ನಾನು ಈ ಸೀಮೆಯ ಗಾಳಿಯ ಪಂಚಾಂಗವನ್ನು ಕಲಿತೆನು. ಮುಂಗಾರಿನ ತಿಂಗಳುಗಳಲ್ಲಿ ಪಡುವಣದಿಂದ ಬೀಸಿ ಬರುವ ಗಾಳಿಯು ಕಾರ್ತಿಕದ ಹೊತ್ತಿಗೆ ತಿರುಗಿ, ಮಾಘದವರೆಗೂ ಮೂಡಣದಿಂದ, ಈಶಾನ್ಯದಿಂದ ಬರುತ್ತದೆ. ದೂರದ ಸವಾರಿಗೆ ಹೊರಡುವವರಲ್ಲಿ ಒಂದು ಹಳೆಯ ನಿಯಮವಿದೆ: ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ಮರಳುವಾಗ ಅದೇ ಗಾಳಿ ಬೆನ್ನಿಗೆ ಬರಬೇಕು. ಆದಕಾರಣ ಚಳಿಗಾಲದ ನನ್ನ ಸವಾರಿಗಳೆಲ್ಲ ಮೂಡಣಕ್ಕೆ, ಕೋಲಾರ ಚಿಂತಾಮಣಿಗಳ ಕಡೆಗೆ.

ಮಾರ್ಗಶಿರದ ಅಂತಹದೊಂದು ಭಾನುವಾರ ಇನ್ನೂ ಕತ್ತಲಿರುವಾಗಲೇ ಹೋಪ್ ಫಾರ್ಮ್ ವೃತ್ತವನ್ನು ದಾಟಿದೆನು. ರಾತ್ರಿಪಾಳಿ ಮುಗಿಸಿದವರನ್ನು ಹೊತ್ತ ಕ್ಯಾಬುಗಳು ಮನೆಗಳ ಕಡೆಗೆ ತಿರುಗುತ್ತಿದ್ದವು. ಕಾಡುಗೋಡಿಯ ಮೆಟ್ರೋ ನಿಲ್ದಾಣದ ಕೆಳಗೆ ಸೊಪ್ಪಿನ ಕಂತೆಗಳನ್ನು ಬಿಚ್ಚುತ್ತಿದ್ದ ಹೆಂಗಸರು ತಲೆಗೆ ಶಾಲು ಸುತ್ತಿಕೊಂಡಿದ್ದರು. 2023ರಲ್ಲಿ ಮೆಟ್ರೋ ಇಲ್ಲಿಯವರೆಗೆ ಬಂದು ನಿಂತಿತು. ನಗರವು ಇಲ್ಲಿಗೆ ಮುಗಿಯುತ್ತದೆಯೆಂದು ಅದರ ನಕ್ಷೆ ಹೇಳುವಂತೆ ತೋರಿದರೂ, ನಗರವು ಮುಗಿಯುವುದು ಅಷ್ಟು ಸುಲಭವಲ್ಲವೆಂಬುದು ಸೀಗೇಹಳ್ಳಿ, ಕನ್ನಮಂಗಲಗಳ ಆ ಕಡೆ ಈ ಕಡೆ ಎದ್ದಿರುವ ಬಹುಮಹಡಿ ಮನೆಗಳನ್ನು ನೋಡಿದವರಿಗೆ ತಿಳಿಯುತ್ತದೆ.

ಈ ವೈಟ್‌ಫೀಲ್ಡು ಹುಟ್ಟಿದ್ದೇ ಬೇಸಾಯಗಾರರ ಊರಾಗಿ ಎಂಬುದನ್ನು ಇಲ್ಲಿ ಕೆಲಸಕ್ಕೆ ಬಂದ ಎಷ್ಟೋ ಮಂದಿಗೆ ನಾನು ಹೇಳಿದ್ದೇನೆ, ನಂಬಿದವರು ಕಡಿಮೆ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ಭೂಮಿಯನ್ನು ಕೊಟ್ಟರು. ತಮ್ಮ ಜನ ಸರ್ಕಾರದ ನೌಕರಿಯನ್ನೇ ನೆಚ್ಚಿಕೊಂಡಿರದೆ ಮಣ್ಣಿನಲ್ಲಿ ದುಡಿದು ಸ್ವತಂತ್ರವಾಗಿ ಬಾಳಬೇಕೆಂಬುದು ಆ ಸಂಘದ ಮುಖಂಡ ಡಿ. ಎಸ್. ವೈಟ್ ಅವರ ಆಶಯವಾಗಿತ್ತು; ಅವರ ಹೆಸರೇ ಊರಿಗೆ ನಿಂತಿತು. ಹಳೆಯ ಒಳವೃತ್ತದಲ್ಲಿ ಇಂದಿಗೂ ಉಳಿದಿರುವ ವಿಶಾಲವಾದ ಅಂಗಳದ ಒಂದೆರಡು ಮನೆಗಳ ಮುಂದೆ ಹಾದುಹೋಗುವಾಗ, ನೌಕರಿಯ ಹಂಗು ಬೇಡವೆಂದು ಕಟ್ಟಿದ ಊರಿಗೆ ಇಂದು ಲಕ್ಷಗಟ್ಟಲೆ ಜನ ನೌಕರಿಯನ್ನೇ ಅರಸಿ ಬರುತ್ತಿದ್ದಾರಲ್ಲಾ ಎಂದು ನನಗೆ ಪ್ರತಿ ಸಲವೂ ಆಶ್ಚರ್ಯವಾಗುತ್ತದೆ. ಬಂದವರಲ್ಲಿ ನಾನೂ ಒಬ್ಬ. ಬೇಸಾಯದ ಊರಿನಿಂದ ಬಂದು ಬೇಸಾಯದ ಊರಿನಲ್ಲಿಯೇ ನೆಲಸಿದ್ದೇನೆಂದು ತಿಳಿದ ದಿನ ನನಗೆ ಸಂತೋಷವಾಯಿತು.

ಹೊಸಕೋಟೆಯಲ್ಲಿ ಬೆಳಗಿನ ಜಾವದ ಬಿರಿಯಾನಿಗಾಗಿ ನಗರದಿಂದ ಕಾರಿನಲ್ಲಿ ಬಂದವರ ಸಾಲು ಬೀದಿಯವರೆಗೂ ಹಬ್ಬಿತ್ತು. ಅದನ್ನು ಬಳಸಿಕೊಂಡು ಕೆರೆಯ ಏರಿಯ ಕಡೆಗೆ ಬಂದೆನು. ಹದಿನಾರನೆಯ ಶತಮಾನದ ಕೊನೆಯಲ್ಲಿ ಸುಗಟೂರಿನ ಪಾಳೆಯಗಾರ ತಮ್ಮೇಗೌಡನು ಇಲ್ಲಿ ಕೋಟೆ ಕಟ್ಟಿಸಿದನೆಂದು ಹೇಳುತ್ತಾರೆ. ಆ ಕೋಟೆಯ ಗುರುತು ಹುಡುಕಿದರೂ ಸಿಗುವುದು ಕಷ್ಟ. ಕೆರೆ ಮಾತ್ರ ಉಳಿದಿದೆ. ನಂದಿಯ ಬೆಟ್ಟಗಳ ಕಡೆಯಿಂದ ಇಳಿದು ಬರುವ ದಕ್ಷಿಣ ಪಿನಾಕಿನಿಯ ನೀರು ಇಲ್ಲಿ ನಿಂತು, ತುಂಬಿದ ವರ್ಷ ಆಚೆಯ ದಡ ಮಂಜಿನಲ್ಲಿ ಕಾಣದಷ್ಟು ವಿಸ್ತಾರವಾಗುತ್ತದೆ. ಕೋಟೆಗಿಂತ ಕೆರೆಯೇ ಹೆಚ್ಚು ಕಾಲ ಬಾಳುತ್ತದೆಂಬುದು ಈ ಬಯಲುಸೀಮೆಯಲ್ಲಿ ಎಲ್ಲ ಊರುಗಳಿಗೂ ಸಲ್ಲುವ ಮಾತು.

ಅಲ್ಲಿಂದ ಚಿಂತಾಮಣಿಯ ರಸ್ತೆ. ಸೂರ್ಯನು ನೀಲಗಿರಿ ತೋಪುಗಳ ಮೇಲೆ ಬಂದಂತೆಲ್ಲ ಗಾಳಿಯೂ ಎದ್ದಿತು. ಈ ತೋಪುಗಳ ವಿಷಯದಲ್ಲಿ ನನಗೆ ಪ್ರೀತಿಯಿಲ್ಲ. ಕೂಲಿಯಾಳು ಸಿಗದ, ಮಳೆ ನೆಚ್ಚಲಾಗದ ಕಾಲದಲ್ಲಿ ರೈತರು ರಾಗಿಯ ಹೊಲಗಳನ್ನೇ ನೀಲಗಿರಿಗೆ ಬಿಟ್ಟುಕೊಟ್ಟರು, ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದವು, ಕಡೆಗೆ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ಸರ್ಕಾರ ನಿಷೇಧಿಸಬೇಕಾಯಿತು. ಆದರೆ ಎದುರುಗಾಳಿಯಲ್ಲಿ ಏದುಸಿರು ಬಿಡುತ್ತ ಬರುವವನಿಗೆ ಆ ತೋಪಿನ ಮರೆಯಲ್ಲಿ ಸಿಗುವ ಕ್ಷಣಮಾತ್ರದ ಬಿಡುವು ಎಷ್ಟು ಹಿತವೆಂಬುದನ್ನೂ ಹೇಳದಿದ್ದರೆ ನನ್ನ ಮಾತು ಪೂರ್ಣವಾಗದು.

ನಂದಗುಡಿಯ ಹತ್ತಿರ ಬಂದಾಗ ರಸ್ತೆಯ ಅರ್ಧಭಾಗ ರಾಗಿಯಾಗಿತ್ತು. ಮಾರ್ಗಶಿರ ಪುಷ್ಯಗಳಲ್ಲಿ ಈ ಸೀಮೆಯ ಟಾರು ರಸ್ತೆಯೇ ಕಣ. ಕೊಯ್ದು ಮೆದೆ ಹಾಕಿದ ರಾಗಿಯನ್ನು ತೆನೆಸಹಿತ ತಂದು ರಸ್ತೆಯ ಮೇಲೆ ಮೊಣಕಾಲೆತ್ತರಕ್ಕೆ ಹರಡುತ್ತಾರೆ. ಬಸ್ಸು, ಲಾರಿ, ಟೆಂಪೋಗಳು ಅದರ ಮೇಲೆ ಹರಿದು ಹೋದಂತೆಲ್ಲ ಕಾಳು ಉದುರುತ್ತದೆ. ಎತ್ತು ಕಟ್ಟಿ ರೋಣಗಲ್ಲು ಉರುಳಿಸುತ್ತಿದ್ದ ಕೆಲಸವನ್ನು ಈಗ ದಾರಿಹೋಕರು ತಮಗೆ ಅರಿವಿಲ್ಲದೆಯೇ ಮಾಡಿಕೊಟ್ಟು ಹೋಗುತ್ತಾರೆ. ಸೈಕಲ್ಲಿನ ಭಾರಕ್ಕೆ ಮಾತ್ರ ಒಂದು ಹಿಡಿ ರಾಗಿಯೂ ಉದುರುವುದಿಲ್ಲ. ಅಲ್ಲದೆ ಹುಲ್ಲು ಚೈನಿಗೂ ಹಿಂದಿನ ಗೇರಿನ ಹಲ್ಲುಗಳಿಗೂ ಸುತ್ತಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ನಾನು ಇಳಿದು, ಗೇರಿನ ಸಂದಿನಿಂದ ಹುಲ್ಲನ್ನು ಒಂದೊಂದಾಗಿ ಎಳೆಯುತ್ತ ಕುಳಿತೆನು. ಒಣಗಿದ ರಾಗಿಹುಲ್ಲಿಗೆ ಒಂದು ವಾಸನೆಯಿದೆ. ಬಿಸಿಲು, ಧೂಳು, ದನದ ಕೊಟ್ಟಿಗೆ ಮೂರೂ ಅದರಲ್ಲಿ ಕೂಡಿವೆ. ಬೆರಳಿಗೆ ಹತ್ತಿದ ಚೈನಿನ ಎಣ್ಣೆಯೊಡನೆ ಆ ವಾಸನೆ ಬೆರೆತಾಗ ನನಗೆ ನನ್ನ ಸೋದರಮಾವನ ನೆನಪಾಯಿತು. ಆ ಮಾತು ಆಮೇಲೆ.

ರಸ್ತೆಯ ಪಕ್ಕದಲ್ಲಿ, ಸಗಣಿ ಸಾರಿಸಿದ ಚಿಕ್ಕದೊಂದು ಕಣದಲ್ಲಿ, ಅಜ್ಜಿಯೊಬ್ಬಳು ಮೊರ ಹಿಡಿದು ನಿಂತಿದ್ದಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು:

‘ಎಲ್ಲಿಂದಪ್ಪ ಬಂದೆ?’

‘ವೈಟ್‌ಫೀಲ್ಡಿಂದ ಅಜ್ಜಿ.’

‘ಬಸ್ಸು ಸಿಗ್ಲಿಲ್ವ?’

‘ಸಿಗ್ತದೆ ಅಜ್ಜಿ. ಊರು ಕೇರಿ ನೋಡ್ಕೊಂಡು ಹೋಗಾಣ ಅಂತ ಬಂದೆ.’

‘ಹಂಗಾರೆ ಕೂತ್ಕೋ. ಗಾಳಿ ಬಂತು ನೋಡು. ಬೆಳಗ್ಗೆಯಿಂದ ಇದಕ್ಕೇ ಕಾಯ್ತಿದ್ದೆ.’

ಹಾಗೆಂದವಳೇ ಮೊರವನ್ನು ತಲೆಯ ಮಟ್ಟಕ್ಕೆ ಎತ್ತಿ, ಗಾಳಿಗೆ ಓರೆಯಾಗಿ ನಿಂತು, ಅಂಚನ್ನು ಸಣ್ಣಗೆ ಅಲುಗಿಸುತ್ತ ಸುರಿಯತೊಡಗಿದಳು. ಹೊಟ್ಟು ದೂರಕ್ಕೆ ಹಾರಿ ಹಿಂದಿನ ಬೇಲಿಯವರೆಗೂ ಹಳದಿ ಧೂಳಾಗಿ ಹಬ್ಬಿತು. ಅರೆಜೊಳ್ಳು ಒಂದು ಮಾರು ಆಚೆಗೆ ಬಿತ್ತು. ಗಟ್ಟಿಕಾಳು ನೇರವಾಗಿ ಅವಳ ಪಾದದ ಮುಂದೆಯೇ ಬಿದ್ದು, ಕೆಂಪಗೆ ಗುಡ್ಡೆಯಾಗುತ್ತ ಬಂದಿತು. ಗಾಳಿ ಜೋರಾದಾಗ ಅವಳು ಮೊರವನ್ನು ತಗ್ಗಿಸುವಳು, ಮೆಲ್ಲಗಾದಾಗ ಎತ್ತರಿಸುವಳು, ನಿಂತಾಗ ತಾನೂ ನಿಲ್ಲುವಳು. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ನಾವು ನಗರದಲ್ಲಿ ಅವಕಾಶಗಳ ಬಗೆಗೆ ಆಡುತ್ತೇವಲ್ಲ, ಆ ಮಾತಿಗೆ ತಾಯಿಯಾದ ಕೆಲಸವನ್ನು ಇಷ್ಟು ಹತ್ತಿರದಿಂದ ನಾನು ಬಹುಕಾಲದ ಮೇಲೆ ನೋಡಿದೆನು. ಹೊಸಕೋಟೆಯಿಂದ ಇಲ್ಲಿಯವರೆಗೆ ಯಾವ ಗಾಳಿಯೊಡನೆ ನಾನು ಹೋರಾಡಿಕೊಂಡು ಬಂದೆನೋ, ಅದೇ ಗಾಳಿಗಾಗಿ ಈ ತಾಯಿ ಬೆಳಗಿನಿಂದ ಹಾದಿ ಕಾಯುತ್ತಿದ್ದಳು.

ರಾಶಿಯ ಹತ್ತಿರ ಹೋಗಿ ನೋಡಲೆಂದು ಎದ್ದೆ. ಅವಳು ನನ್ನ ಕಾಲಿನ ಕಡೆ ನೋಡಿದಳು. ಬೂಟು ಬಿಚ್ಚಿ ಕಣದೊಳಗೆ ಕಾಲಿಟ್ಟೆನು. ರಾಶಿಯ ನೆತ್ತಿಗೆ ಸಗಣಿಯ ಬೆನಕ, ಅದಕ್ಕೆ ಸಿಕ್ಕಿಸಿದ ಗರಿಕೆ. ಯಾವ ರಾಗಿಯೆಂದು ಕೇಳಿದೆನು. ‘ಇಪ್ಪತ್ತೆಂಟು’ ಎಂದಳು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿಪಿಯು-28 ತಳಿ, ಕುತ್ತಿಗೆ ಬೆಂಕಿರೋಗವನ್ನು ತಡೆಯುವಂಥದು, ಈ ಅಜ್ಜಿಯ ಬಾಯಲ್ಲಿ ಬರಿಯ ಇಪ್ಪತ್ತೆಂಟಾಗಿದೆ. ಅದಕ್ಕೂ ಹಿಂದಿನ ತಲೆಮಾರಿನವರು ‘ಇಂಡಾಫ್’ ಎನ್ನುತ್ತಿದ್ದುದು ನನಗೆ ನೆನಪಿದೆ. ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ, ಹೂವೆಂದು ಕಣ್ಣಿಗೆ ಕಾಣುವುದೇ ಕಷ್ಟವಾದ ಆ ಪೈರಿನಲ್ಲಿ ಸಂಕರ ಮಾಡುವ ತಪಸ್ಸನ್ನು ಮಂಡ್ಯದ ವಿ. ಸಿ. ಫಾರಂನಲ್ಲಿ ನಡೆಸಿದವರು ಲಕ್ಷ್ಮಣಯ್ಯನವರು. ನಾಡು ಅವರನ್ನು ರಾಗಿ ಲಕ್ಷ್ಮಣಯ್ಯ, ರಾಗಿಯ ಬ್ರಹ್ಮ ಎಂದೆಲ್ಲ ಕರೆಯಿತು. ಮುದ್ದೆ ಉಣ್ಣುವ ಮನೆಗಳಲ್ಲಿ ಅವರ ಪಟವಿರಬೇಕಾಗಿತ್ತೆಂದು ನನ್ನ ಮನಸ್ಸಿಗೆ ತೋರುತ್ತದೆ.

ಮನೆಯವರೆಲ್ಲ ಎಲ್ಲಿ ಎಂದು ಕೇಳಲು ಹೇಳಿದಳು: ಮಗ ಡೈರಿಗೆ ಹಾಲು ಹಾಕಲು ಹೋಗಿದ್ದಾನೆ, ಮೊಮ್ಮಗಳು ನರಸಾಪುರದ ಕಂಪನಿಯಲ್ಲಿದ್ದಾಳೆ, ಬಸ್ಸು ಊರ ಬಾಗಿಲಿಗೇ ಬರುತ್ತದೆ, ಒಂದು ವಾರ ಹಗಲು ಒಂದು ವಾರ ರಾತ್ರಿ. ಹೊಲದಲ್ಲಿ ಇನ್ನೂ ಅಕ್ಕಡಿಯ ಅವರೆ ನಿಂತಿತ್ತು, ಸಾಲಿನ ನಡುವೆ ಹುಚ್ಚೆಳ್ಳಿನ ಹಳದಿ ಹೂ ಕೆಲವು ಉಳಿದಿದ್ದವು. ಹೊರಡುವಾಗ ನನ್ನ ಜೇಬಿಗೆ ಒಂದು ಬೊಗಸೆ ಅವರೆಕಾಯಿ ತುಂಬಿದಳು. ಸೊಗಡಿನ ಅಂಟು ದಿನವಿಡೀ ಕೈಯಲ್ಲಿ ಇತ್ತು.

ಎಚ್ ಕ್ರಾಸಿನಲ್ಲಿ ಚಹ. ಇಲ್ಲಿಂದಾಚೆಗೆ ಮಾತು ಸರಾಗವಾಗಿ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ಹೊರಳುತ್ತದೆ. ಅಂಗಡಿಯವನು ಒಂದರಲ್ಲಿ ಸಕ್ಕರೆ ಸಾಕೇ ಎಂದು ಕೇಳಿ ಇನ್ನೊಂದರಲ್ಲಿ ಚಿಲ್ಲರೆ ಕೇಳುತ್ತಾನೆ. ಹೊಲಗಳ ಬಣ್ಣವೂ ಹೊರಳುತ್ತದೆ. ರಾಗಿಯ ಕೂಳೆ ಹಿಂದಾಗಿ, ಕಡುಹಸಿರಿನ ಹಿಪ್ಪುನೇರಳೆ, ನೀಲಗಿರಿ ಗೂಟಗಳಿಗೆ ಕಟ್ಟಿದ ಟೊಮೇಟೊ, ಕಲ್ಲುಕಂಬಗಳ ಮೇಲಿನ ದ್ರಾಕ್ಷಿ. ಇದು ರೇಷ್ಮೆಯ ನಾಡು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಇಲ್ಲಿಗೆ ದೂರವಲ್ಲ.

ನನ್ನ ತಾಯಿಯ ತವರು ಈ ಸೀಮೆಯ ಒಂದು ಹಳ್ಳಿ. ರೇಷ್ಮೆಯ ಹುಳು ಸಾಕುವ ಮನೆಯಲ್ಲಿ ಮನುಷ್ಯರ ದಿನಚರಿಯೆಂಬುದು ಬೇರೆ ಇರುತ್ತಿರಲಿಲ್ಲ. ಹುಳು ಜ್ವರಕ್ಕೆ ಕುಳಿತಿದೆಯೆಂದರೆ ಮನೆಯವರು ನೆಂಟರ ಮನೆಗೆ ಹೋಗಿ ಬರಬಹುದು, ಎದ್ದಿದೆಯೆಂದರೆ ನಡುರಾತ್ರಿಯೂ ಸೊಪ್ಪು ಹಾಕಬೇಕು. ಜ್ವರವೆಂದರೆ ರೋಗವಲ್ಲ, ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕುಳಿತು ಪೊರೆ ಕಳಚುವ ಅವಸ್ಥೆ. ಅಂಥವು ನಾಲ್ಕು ಜ್ವರ ಕಳೆದು, ಒಂದು ವಾರ ಬಕಾಸುರನಂತೆ ತಿಂದು, ಮೈ ಹಳದಿಯಾಗಿ ಒಳಗಿನ ಬೆಳಕು ಕಾಣುವಂತಾದಾಗ ಹುಳು ಹಣ್ಣಾಯಿತೆನ್ನುತ್ತಾರೆ. ಆಗ ಅದನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡುವುದು ಮಕ್ಕಳಾದ ನಮ್ಮ ಕೆಲಸವಾಗಿತ್ತು. ಅಂಗೈಯ ಮೇಲೆ ಅದು ತಣ್ಣಗೆ, ಮೃದುವಾಗಿ, ಎತ್ತ ಹೋಗಲೆಂದು ತಲೆಯಾಡಿಸುತ್ತಿದ್ದುದು ಈಗಲೂ ಕೈಗೆ ನೆನಪಿದೆ.

ಗೂಡು ಬಿಡಿಸಿದ ಮೇಲೆ ಕಾಲಹರಣ ಮಾಡುವಂತಿಲ್ಲ. ತಡವಾದರೆ ಚಿಟ್ಟೆ ಒಡೆದು ಬಂದು ನೂಲು ಕೆಡುತ್ತದೆ. ಸೋದರಮಾವ ಹಳೆಯ ಅಟ್ಲಾಸ್ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಲಗೆಯೊಂದನ್ನು ಅಡ್ಡ ಕಟ್ಟಿ, ಹಳದಿ ಛಾಯೆಯ ಆ ಗೂಡುಗಳನ್ನು ಹಗುರವಾಗಿ ತುಂಬಿದ ಗೋಣಿಯನ್ನು ಅದರ ಮೇಲೇರಿಸಿ, ಕೋಳಿ ಕೂಗುವ ಮೊದಲೇ ಶಿಡ್ಲಘಟ್ಟಕ್ಕೆ ಹೊರಡುತ್ತಿದ್ದ. ಡೈನಮೋ ದೀಪವು ಅವನು ತುಳಿದಷ್ಟೇ ಬೆಳಗುವುದು. ಏರು ಬಂದಾಗ ದೀಪ ಮಂಕಾಗಿ, ಇಳಿಜಾರಿನಲ್ಲಿ ಪ್ರಜ್ವಲಿಸಿ, ತಿರುವಿನಲ್ಲಿ ಮರೆಯಾಗುವುದನ್ನು ನಾವು ಜಗಲಿಯ ಮೇಲೆ ನಿಂತು ನೋಡುತ್ತಿದ್ದೆವು. ಸಂಜೆ ಮರಳುವಾಗ ಗೋಣಿಯ ಜಾಗದಲ್ಲಿ ಬೂಂದಿಯ ಪೊಟ್ಟಣವಿರುತ್ತಿತ್ತು. ದರ ಬಿದ್ದ ದಿನವೂ ಇರುತ್ತಿತ್ತು. ದೂರದ ಸವಾರಿಯೆಂದು ಈಗ ನಾವು ಏನನ್ನು ಹೆಮ್ಮೆಯಿಂದ ಕರೆಯುತ್ತೇವೆಯೋ, ಅದನ್ನು ಬೆನ್ನ ಹಿಂದೆ ಒಂದು ಮನೆಯ ತಿಂಗಳ ಅನ್ನವನ್ನು ಹೊತ್ತುಕೊಂಡು ಅವನು ಮಾಡಿದ್ದ. ಸವಾರರಲ್ಲಿ ನಾನು ಗೌರವಿಸುವ ಮೊದಲ ಹೆಸರು ಇಂದಿಗೂ ಅವನದೇ.

ಬಕಾಸುರನ ಹೆಸರೆತ್ತಿದ್ದಾಯಿತು, ಮಧ್ಯಾಹ್ನದ ಹೊತ್ತಿಗೆ ನಾನು ಮುಟ್ಟಿದ ಕೈವಾರವೇ ಅವನ ಊರು, ಮಹಾಭಾರತದ ಏಕಚಕ್ರಪುರ, ಎಂದು ಅಲ್ಲಿಯ ಸ್ಥಳಪುರಾಣ. ಇಲ್ಲಿ ಜನರ ಮನಸ್ಸಿನಲ್ಲಿ ಭೀಮನಿಗಿಂತ ದೊಡ್ಡವರು ತಾತಯ್ಯನವರು. ಬಳೆಯ ಮಲಾರವನ್ನು ಹೆಗಲಿಗೇರಿಸಿ ಊರೂರು ತಿರುಗುತ್ತಿದ್ದ ನಾರೇಯಣಪ್ಪನವರು ಯೋಗಿಯಾಗಿ, ಕನ್ನಡ ತೆಲುಗು ಎರಡರಲ್ಲಿಯೂ ತತ್ತ್ವದ ಪದಗಳನ್ನು ಹಾಡಿದರು. ನೆರಳಲ್ಲಿ ಸೈಕಲ್ಲು ನಿಲ್ಲಿಸಿ, ಅಮರನಾರಾಯಣನಿಗೆ ಕೈಮುಗಿದು, ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಉಂಡು ಹೊರಟೆನು.

ಮರಳುವುದಕ್ಕೆ ವೇಮಗಲ್ಲು ನರಸಾಪುರಗಳ ದಾರಿಯನ್ನು ಹಿಡಿದೆನು. ವೇಮಗಲ್ಲಿನಾಚೆಗೆ ಹೊಲಗಳ ನಡುವೆಯೇ ತಗಡಿನ ಬೃಹತ್ ಶೆಡ್ಡುಗಳು ಏಳುತ್ತವೆ. ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರುಗಳು ತಯಾರಾಗುತ್ತಿವೆ. ಅದರ ನೆರೆಯಲ್ಲಿಯೇ ಐಫೋನು ಜೋಡಿಸುವ ಕಾರ್ಖಾನೆ. ಪಾಳಿ ಬದಲಾಗುವ ಹೊತ್ತು. ಗುರುತಿನ ಚೀಟಿ ಕೊರಳಲ್ಲಿ ತೂಗುತ್ತಿದ್ದ ಹೆಣ್ಣುಮಕ್ಕಳು ಬಸ್ಸಿನಿಂದ ಬಸ್ಸಿಗೆ ಸಾಲುಸಾಲಾಗಿ ಹತ್ತಿ ಇಳಿಯುತ್ತಿದ್ದರು. ಇವರಲ್ಲಿ ಯಾರು ನಂದಗುಡಿಯ ಅಜ್ಜಿಯ ಮೊಮ್ಮಗಳೋ! ಅಲ್ಲಿ ಮೊರ, ಇಲ್ಲಿ ಇರುವೆಯಷ್ಟು ಸಣ್ಣ ತಿರುಪು. ಎರಡಕ್ಕೂ ಬೇಕಾದ ಬೆರಳಿನ ಜಾಣ್ಮೆ ಒಂದೇ ಮನೆತನದ್ದು. ಆ ಮಕ್ಕಳ ಸಂಬಳ ಹಳ್ಳಿಯ ಮನೆಗಳಿಗೆ ಬರುತ್ತಿರುವುದು ನನಗೆ ನಿಜವಾಗಿಯೂ ಸಂತೋಷದ ಸಂಗತಿ. ಅದರ ಬೆಲೆಯಾಗಿ ಕಣಗಳೆಲ್ಲ ನಿವೇಶನಗಳಾಗಬಾರದೆಂಬುದೂ ಅಷ್ಟೇ ನಿಜವಾದ ಆಸೆ.

ನರಸಾಪುರದ ಕೆರೆಯ ಬಳಿ ನಿಂತೆನು. ಶಾಶ್ವತವಾದ ನದಿಯೊಂದೂ ಇಲ್ಲದ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಬಚ್ಚಲ ನೀರು ಬರುತ್ತಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತ ಶುದ್ಧಿಮಾಡಿದ ನೀರನ್ನು ಪಂಪು ಮಾಡಿ ಮೊದಲು ಇಲ್ಲಿಯೇ ಸಮೀಪದ ಲಕ್ಷ್ಮೀಸಾಗರದ ಕೆರೆಗೆ ಬಿಡುತ್ತಾರೆ. ಅಲ್ಲಿಂದ ಅದು ಕೋಡಿ ಹರಿದು ಕೆರೆಯಿಂದ ಕೆರೆಗೆ ಇಳಿಯುತ್ತದೆ. 126 ಕೆರೆಗಳನ್ನು ತುಂಬಿಸುವ ಯೋಜನೆ ಅದು. ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಗೌಡರೊಬ್ಬರು, ‘ಬತ್ತಿದ ಬೋರ್‌ವೆಲ್‌ನಾಗೆ ನೀರು ಬಂತು ಸ್ವಾಮಿ, ಸುಳ್ಳು ಹೇಳಬಾರದು. ಕುಡಿಯಾಕೆ ಮಾತ್ರ ಮನಸ್ಸು ಬರಲ್ಲ’ ಎಂದರು. ನಾವು ಸ್ನಾನ ಮಾಡಿ, ಪಾತ್ರೆ ತೊಳೆದು, ಮರೆತುಬಿಟ್ಟ ನೀರು ಇವರ ಹೊಲದಡಿಯ ಅಂತರ್ಜಲವಾಗುತ್ತದೆ. ಇವರ ಹಸುವಿನ ಹಾಲು, ಇವರ ಸೊಪ್ಪು, ಇವರ ಟೊಮೇಟೊ ಮರಳಿ ನಮ್ಮ ಅಡುಗೆಮನೆಗೆ ಬರುತ್ತವೆ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಕೋಲಾರದವರು ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಕೊಟ್ಟ ನೀರನ್ನು ನಾವೇ ಮತ್ತೆ ಉಣ್ಣುವವರಾದ್ದರಿಂದ, ನಗರದವರೂ ಅವರ ದನಿಗೆ ದನಿಗೂಡಿಸಬೇಕು.

ಹೆದ್ದಾರಿಗೆ ಬಂದು ಪಡುವಣಕ್ಕೆ ತಿರುಗಿದೊಡನೆಯೇ ಗಾಳಿ ಬೆನ್ನಿಗೆ ಬಂದಿತು. ಕಿವಿಯ ಭೋರ್ಗರೆತ ನಿಂತು, ಕಾಲು ತಾನಾಗಿಯೇ ತಿರುಗುತ್ತ, ಹೊಸಕೋಟೆಯವರೆಗಿನ ದಾರಿ ಸವೆದದ್ದೇ ತಿಳಿಯಲಿಲ್ಲ. ಆ ಹೆದ್ದಾರಿಯಲ್ಲಿ ಸೈಕಲ್ಲಿಗೆಂದು ಪ್ರತ್ಯೇಕವಾದ ದಾರಿಯಿಲ್ಲ. ಬಿಳಿ ಗೆರೆಯ ಹೊರಗೆ ಉಳಿದ ಮಾರಗಲದ ಅಂಚಿನಲ್ಲಿಯೇ ನನ್ನೊಡನೆ ಪಾಳಿ ಮುಗಿಸಿದ ಕಾವಲುಗಾರರೂ, ಗಾರೆ ಕೆಲಸದವರೂ, ಹಾಲಿನ ಕ್ಯಾನು ಕಟ್ಟಿಕೊಂಡವರೂ ತುಳಿಯುತ್ತಿದ್ದರು. ಕೋಟಿಗಟ್ಟಲೆ ವೆಚ್ಚದಲ್ಲಿ ರಸ್ತೆ ಹಾಸುವವರು ಈ ಜನಕ್ಕಾಗಿ ಇನ್ನೊಂದು ಮಾರು ನೆಲವನ್ನು ಬಿಟ್ಟುಕೊಟ್ಟರೆ ಅದೊಂದು ದೊಡ್ಡ ಉಪಕಾರವಾದೀತು.

ವೈಟ್‌ಫೀಲ್ಡಿನ ಎಷ್ಟೋ ಮನೆಗಳ ಬಾಲ್ಕನಿಗಳಲ್ಲಿ ಒಳ್ಳೆಯ ಸೈಕಲ್ಲುಗಳು ಧೂಳು ಹಿಡಿದು ನಿಂತಿರುವುದನ್ನು ನಾನು ಬಲ್ಲೆ. ಅವುಗಳ ಒಡೆಯರಲ್ಲಿ ನನ್ನದೊಂದು ಪ್ರಾರ್ಥನೆ. ಈ ಭಾನುವಾರ ಚಕ್ರಕ್ಕೆ ಗಾಳಿ ತುಂಬಿಸಿ, ಎರಡು ಬಾಟಲಿ ನೀರನ್ನು ಕಟ್ಟಿಕೊಂಡು, ಐದು ಗಂಟೆಯೊಳಗೆ ಹೊರಡಿ; ಕೈವಾರದವರೆಗೆ ಆಗದಿದ್ದರೆ ನಂದಗುಡಿಯವರೆಗಾದರೂ ಹೋಗಿ ಬನ್ನಿ. ತಿಂಡಿಯನ್ನು ನಗರದಿಂದ ಹೊತ್ತೊಯ್ಯಬೇಡಿ, ಅಲ್ಲಿಯ ಹೋಟೆಲಿನಲ್ಲಿಯೇ ಉಣ್ಣಿ. ಬಸ್ಸು ಸಿಗಲಿಲ್ಲವೇ ಎಂದು ಯಾರಾದರೂ ಕೇಳಿದರೆ ಇಳಿದು, ಕುಳಿತು, ಉತ್ತರ ಹೇಳಿ. ಹೊರಡುವುದನ್ನು ಮಾತ್ರ ಮುಂದೆ ಹಾಕಬೇಡಿ. ಸಂಕ್ರಾಂತಿ ಕಳೆದರೆ ರಾಗಿಯೆಲ್ಲ ಮನೆ ಸೇರಿರುತ್ತದೆ.